ಖಜಾನೆಯ ಕೈ ನಡುಕ

ಬೆಳಗ್ಗೆ ಎಂಆರ್‌ಪಿ ಅಂಗಡಿಯ ಷಟರ್ ಏಳುವ ಮೊದಲೇ ಬಂದು ನಿಂತಿರುವವನನ್ನು ನೋಡಿದ್ದೀರಲ್ಲ? ಜೇಬಿನಿಂದ ನೋಟು ತೆಗೆಯಲು ಬೆರಳು ಮಾತು ಕೇಳುವುದಿಲ್ಲ. 90 ಎಂಎಲ್ ಟೆಟ್ರಾ ಪ್ಯಾಕಿನ ಮೂಲೆಯನ್ನು ಹಲ್ಲಲ್ಲೇ ಹರಿದು ಎರಡು ಗುಟುಕು ಇಳಿಸಿದ ಮೇಲೆ ನಡುಕ ನಿಲ್ಲುತ್ತದೆ. ಅವನು ಮಜಾಕ್ಕೆ ಕುಡಿಯುತ್ತಿಲ್ಲ; ಮಜಾ ಮುಗಿದು ಯಾವ ಕಾಲವಾಯಿತೋ. ಈಗ ಕುಡಿಯದಿದ್ದರೆ ಮೈ ಏಳುವುದಿಲ್ಲ, ಅಷ್ಟೆ. ಇವನನ್ನು ಕಂಡರೆ ನಾವು ಮೂಗು ಮುಚ್ಚಿಕೊಂಡು ಆಚೆ ಬದಿಗೆ ದಾಟುತ್ತೇವೆ. ಇದೇ ಲಕ್ಷಣ ವಿಧಾನಸೌಧದಲ್ಲಿ ಕಂಡರೆ ಬಜೆಟ್ ಪುಸ್ತಕದಲ್ಲಿ ಅಚ್ಚಾಗುತ್ತದೆ, ಶಾಸಕರು ಮೇಜು ಕುಟ್ಟುತ್ತಾರೆ.

ವೈದ್ಯರು ಮೊದಲು ಕೇಳುವುದು, ಪ್ರಮಾಣ ಏರುತ್ತಿದೆಯಾ ಎಂದು. ಕ್ವಾರ್ಟರ್‌ಗೆ ಏರುತ್ತಿದ್ದವನಿಗೆ ಬರುಬರುತ್ತಾ ಹಾಫ್ ಸಾಲದು. 2024–25ರಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 38,525 ಕೋಟಿ ರೂಪಾಯಿ. ಮರುವರ್ಷ 40,000 ಕೋಟಿ. ಪ್ರಜೆಗಳು ಇಂತಿಷ್ಟು ಕುಡಿದೇ ತೀರಬೇಕೆಂದು ಲೆಕ್ಕ ಬರೆದಿಟ್ಟ ಮೇಲೆ, ಕುಡಿಯದ ನಾನು ಒಂದರ್ಥದಲ್ಲಿ ಕರ್ತವ್ಯಲೋಪಿ.

ಎರಡನೆಯದು, ಬಿಟ್ಟರೆ ಏನಾಗುತ್ತದೆ? ವರ್ಷಗಟ್ಟಲೆ ಕುಡಿದವನು ದಿಢೀರನೆ ನಿಲ್ಲಿಸಿದರೆ ಬೆವರು, ನಿದ್ರೆಗೇಡು, ಕೆಲವರಿಗೆ ಫಿಟ್ಸ್. ಎರಡು ಮೂರು ದಿನಕ್ಕೆ ಗೋಡೆ ಮೇಲೆ ಇಲ್ಲದ ಹುಳು ಹರಿಯುವ ಸನ್ನಿ, ಜೀವವೂ ಹೋಗಬಹುದು. 2020ರ ಲಾಕ್‌ಡೌನ್‌ನಲ್ಲಿ ಖಜಾನೆಗೂ ಇದೇ ಗತಿ. ಶಾಲೆ ಮುಚ್ಚಿತ್ತು, ದೇವಸ್ಥಾನ ಮುಚ್ಚಿತ್ತು. ಮೇ 4ಕ್ಕೆ ಮದ್ಯದಂಗಡಿ ತೆರೆಯಿತು. ಮೊದಲ ದಿನದ ವ್ಯಾಪಾರ ಸುಮಾರು 45 ಕೋಟಿ. ನಡುಕ ನಿಂತಿತು.

ವ್ಯಸನಿಯ ಮನೆಯಲ್ಲಿ ದೇವರ ಪಟವೂ ಇರುತ್ತದೆ. ಸರ್ಕಾರದ ಬಳಿ ಮದ್ಯಪಾನ ಸಂಯಮ ಮಂಡಳಿ ಇದೆ. ಮದ್ಯ ಸಗಟು ಮಾರಲು ಪಾನೀಯ ನಿಗಮವೂ ಇದೆ. ನನಗೆ ಅತ್ಯಂತ ಪ್ರಿಯವಾದದ್ದು ಎಂಎಸ್‌ಐಎಲ್. ಈ ಸರ್ಕಾರಿ ಕಂಪನಿ ಮಗಳಿಗೆ ಲೇಖಕ್ ನೋಟ್‌ಬುಕ್ ಮಾರುತ್ತದೆ, ಅಪ್ಪನಿಗೆ ವಿಸ್ಕಿ ಮಾರುತ್ತದೆ, ಚಿಟ್ ಫಂಡನ್ನೂ ನಡೆಸುತ್ತದೆ. ಕುಡಿದು ಮಿಕ್ಕಿದ್ದರೆ ಅಮ್ಮ ಚೀಟಿ ಕಟ್ಟಲಿ.

‘ನಾಳೆಯಿಂದ ಬಿಟ್ಟೆ’ ಎಂಬ ಆಣೆಯೂ ಆಗಿದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಹೋಯಿತು, ಕೂಲಿಯವನಿಗೆ ಅಗ್ಗದ ವಿಸ್ಕಿಗೆ ಬಡ್ತಿ ಸಿಕ್ಕಿತು. ಹೆಂಡತಿಯ ಓಲೆ ಮಾತ್ರ ಹಳೇ ಮಾರ್ವಾಡಿ ಅಂಗಡಿಗೇ ಹೋಯಿತು. ಇಂಥ ಹೆಂಗಸರು 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. 2025ರ ಮಾರ್ಚಿನಲ್ಲಿ ಶಾಸಕರೊಬ್ಬರು ಸದನದಲ್ಲೇ, ಗಂಡಸರಿಗೆ ವಾರಕ್ಕೆರಡು ಬಾಟಲಿ ಉಚಿತ ಕೊಡಿ ಎಂದರು. ನಡೆದವರ ಅಹವಾಲಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೆ?

ಸಂವಿಧಾನದ 47ನೇ ವಿಧಿ, ಅಮಲು ಪಾನೀಯಗಳ ಸೇವನೆ ನಿಷೇಧಿಸಲು ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ. ಬಾಟಲಿ ಮೇಲಿನ ಎಚ್ಚರಿಕೆಯಷ್ಟೇ ಗಮನವಿಟ್ಟು ಅದನ್ನೂ ಓದುತ್ತಿರಬೇಕು.

ನಿಮ್ಮ ಮನೆಯಲ್ಲಿ ಬಿಡಲು ಹೊರಟವರಿದ್ದರೆ ದಯವಿಟ್ಟು ಕೋಣೆಗೆ ಹಾಕಿ ಬೀಗ ಜಡಿಯಬೇಡಿ, ಹರಕೆ, ನಾಟಿ ಪುಡಿ ಎಂದು ಅಲೆಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಣಕಾಸು ಇಲಾಖೆಯವರೂ ಕರೆ ಮಾಡಲು ಅಡ್ಡಿಯಿಲ್ಲ.