ಊರ್ಮಿಳೆಯನ್ನು ಮಲಗಲು ಬಿಡಿ ಸ್ವಾಮಿ

ಈಚೆಗೆ ಕಥೆ ಬರೆಯಲು ಹೊರಟ ಯಾರನ್ನಾದರೂ ತಡೆದು ನಿಲ್ಲಿಸಿ, ‘ಏನಪ್ಪ ಬರೀತಿದ್ದೀಯ?’ ಅಂತ ಕೇಳಿ ನೋಡಿ. ಒಬ್ಬ ಊರ್ಮಿಳೆಯ ಅಳಲು ಬರೆಯುತ್ತಿರುತ್ತಾನೆ, ಇನ್ನೊಬ್ಬಳು ಕರ್ಣನ ಕಣ್ಣೀರು ಒರೆಸುತ್ತಿರುತ್ತಾಳೆ, ಮಗದೊಬ್ಬ ಅಶ್ವತ್ಥಾಮನಿಗೆ ಬೆಂಗಳೂರಿನ ಮೆಟ್ರೊ ಟಿಕೆಟ್ ಕೊಡಿಸಿರುತ್ತಾನೆ. ಗಂಡ ಕಾಡಿನಲ್ಲಿದ್ದ ಹದಿನಾಲ್ಕು ವರ್ಷವೂ ಊರ್ಮಿಳೆ ನಿದ್ದೆಹೋಗಿದ್ದಳೆಂದು ತೆಲುಗು ಹೆಂಗಸರು ಹಾಡಿಕೊಂಡು ಬಂದಿದ್ದಾರೆ. ಅಷ್ಟು ಸೊಗಸಾಗಿ ಮಲಗಿದ್ದವಳನ್ನು ಅಲುಗಾಡಿಸಿ, ‘ಏಳು ತಾಯಿ, ನಲವತ್ತು ಪುಟದ ಸ್ವಗತ ಹೇಳು’ ಅಂದರೆ ಅವಳಾದರೂ ಏನು ಹೇಳಿಯಾಳು? ಆಕಳಿಸುತ್ತಾಳೆ. ಓದುವವರೂ ಆಕಳಿಸುತ್ತಾರೆ.

ರಾಮಾಯಣ ಬರೆದವರ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೇ ತಿಣುಕುತ್ತಿದ್ದಾನೆಂದು ಕುಮಾರವ್ಯಾಸ ಆ ಕಾಲಕ್ಕೇ ಗೇಲಿ ಮಾಡಿದ್ದ. ಹಾಗಂದವನು ಸುಮ್ಮನಿದ್ದನೇ? ಹತ್ತು ಪರ್ವದ ಭಾರತ ಬರೆದು ಶೇಷನ ತಲೆಯ ಮೇಲಿಟ್ಟ! ಅಂದಮೇಲೆ ಪುರಾಣ ಮುಟ್ಟಬೇಡಿ ಅನ್ನಲು ನಾನ್ಯಾರು? ಮುಟ್ಟಿ, ಧಾರಾಳವಾಗಿ ಮುಟ್ಟಿ. ಆದರೆ ಓದುವಾಗ ಕೈಮುಗಿದು ಕೂರಬೇಡಿ. ಬೀಗರ ಮನೆಯ ಊಟಕ್ಕೆ ಹೋದ ಗಂಡಿನ ಸೋದರಮಾವನ ಹಾಗೆ ಹುಳುಕು ಹುಡುಕುತ್ತ ಕೂರಿ. ಎಲ್ಲಿ ‘ಇದ್ಯಾವ ನ್ಯಾಯ?’ ಅಂತ ಮೈ ಉರಿಯುತ್ತದೋ ಅಲ್ಲಿ ಪೆನ್ನು ತೆಗೆಯಿರಿ.

ನಮ್ಮ ಪಂಪನನ್ನೇ ತಗೊಳ್ಳಿ. ದೊರೆ ಅರಿಕೇಸರಿಯೇ ಅರ್ಜುನ ಅಂತ ಕಾವ್ಯ ಶುರುಮಾಡಿದ. ಆಮೇಲೆ ಗೊತ್ತಾಯಿತು ಪೇಚು. ಅರ್ಜುನನ ಹೆಂಡತಿಗೆ ಇನ್ನೂ ನಾಲ್ವರು ಗಂಡಂದಿರು! ದೊರೆಯ ಮುಂದೆ ಇದನ್ನು ಓದುವುದು ಹೇಗೆ? ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಕೊಟ್ಟು ಕೈತೊಳೆದುಕೊಂಡ. ಯುದ್ಧ ಮುಗಿದ ಮೇಲೆ ಪಟ್ಟವನ್ನೂ ಅರ್ಜುನನಿಗೇ ಕಟ್ಟಿ, ಪಕ್ಕದಲ್ಲಿ ಸುಭದ್ರೆಯನ್ನು ಕೂರಿಸಿದ. ಇದು 941ರ ಸುಮಾರಿನ ಮಾತು, ಬದುಕಿಕೊಂಡ. ಈಗ ಯಾರಾದರೂ ಹೀಗೆ ಮಾಡಿದ್ದರೆ ಸಂಜೆಯೊಳಗೆ ಅವನ ಮನೆ ವಿಳಾಸ ವಾಟ್ಸ್ಯಾಪಿನಲ್ಲಿ ಓಡಾಡುತ್ತಿತ್ತು. ನಾವು ಅವನನ್ನು ಆದಿಕವಿ ಅಂದೆವು.

ಕುವೆಂಪು ಅವರದು ಇನ್ನೊಂದು ಬಗೆಯ ತಕರಾರು. ಶಂಬೂಕನೆಂಬ ಶೂದ್ರ ತಪಸ್ಸು ಮಾಡಿದ್ದಕ್ಕೆ ರಾಮ ಅವನ ತಲೆ ಕಡಿದ ಅಂತ ಉತ್ತರಕಾಂಡ ಹೇಳಿದರೆ, ಇವರಿಗೆ ಗಂಟಲಲ್ಲಿ ಇಳಿಯಲಿಲ್ಲ. 1944ರ ‘ಶೂದ್ರ ತಪಸ್ವಿ’ಯಲ್ಲಿ ರಾಮ ಬಿಟ್ಟ ಬ್ರಹ್ಮಾಸ್ತ್ರ ಶಂಬೂಕನಿಗೆ ನಮಸ್ಕಾರ ಮಾಡಿ, ತಿರುಗಿ ಬಂದು ದೂರು ಕೊಟ್ಟ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಮಾಸ್ತಿಯವರು ಒಪ್ಪಲಿಲ್ಲ. ಹೊಸದು ಹೇಳಬೇಕಿದ್ದರೆ ಹೊಸ ಕಥೆ ಕಟ್ಟಬಾರದೇ, ಹಳೆಯದನ್ನೇಕೆ ತಿರುಚಬೇಕು ಎಂಬುದು ಅವರ ವಾದ. ದೊಡ್ಡವರ ಜಗಳ, ನಾನು ನಡುವೆ ಬರಲಾರೆ. ಆದರೂ ಪಿಸುಮಾತಿನಲ್ಲಿ ಹೇಳುತ್ತೇನೆ, ತಿರುಗಿ ಬಂದ ಆ ಬಾಣ ಇರುವ ತನಕ ನನ್ನ ಓಟು ಕುವೆಂಪು ಅವರಿಗೆ.

ಇನ್ನು ಕಾರ್ನಾಡ್. ಮುಪ್ಪು ಬಂದ ಯಯಾತಿ ಮಕ್ಕಳ ಮುಂದೆ ಕೈಚಾಚಿದ, ಕಿರಿಯ ಪೂರು ಯೌವನ ಕೊಟ್ಟ. ಭೇಷ್ ಮಗನೇ ಅಂತ ಪುರಾಣಿಕರು ತಲೆದೂಗುತ್ತಾರೆ. ಇಪ್ಪತ್ತೆರಡರ ಆಸುಪಾಸಿನ ಹುಡುಗ ಕಾರ್ನಾಡ್ ಕೇಳಿದ್ದು ಬೇರೆ: ಪೂರುವಿಗೆ ಹೆಂಡತಿ ಇದ್ದಿದ್ದರೆ? ಅಲ್ಲಿಂದ ಎದ್ದು ಬಂದವಳು ಚಿತ್ರಲೇಖೆ. ಮಹಾಭಾರತದಲ್ಲಿ ಇಲ್ಲದ ಸೊಸೆ, ಮಾವನ ಎದುರು ನಿಂತು ಲೆಕ್ಕ ಕೇಳುತ್ತಾಳೆ. 1961ರ ‘ಯಯಾತಿ’ ನಾಟಕದ ಜೀವವೇ ಅವಳು. ಮುಖ್ಯ ಪಾತ್ರದವರಿಗೆ ಮಾತು ಹೆಚ್ಚಿಸುವುದರಲ್ಲಿ ಏನಿದೆ ಸ್ವಾಮಿ? ಆಗಲೇ ಸಾಕಷ್ಟು ಮಾತಾಡಿದ್ದಾರೆ. ಕರ್ಣನಂತೂ ಬಾಯಿ ಮುಚ್ಚಿದ್ದೇ ಇಲ್ಲ.

ಜಗಳ ಕಾಯುವುದು ಗೊತ್ತಿಲ್ಲ ಅನ್ನುವವರು ಕರಾವಳಿಯ ಒಂದು ತಾಳಮದ್ದಳೆಗೆ ಹೋಗಿ ಕೂರಿ. ಎದೆಗೆ ಬಾಣ ನೆಟ್ಟ ವಾಲಿ ಸಾಯಲು ಒಪ್ಪದೆ ರಾಮನನ್ನು ಪಾಟೀಸವಾಲಿಗೆ ನಿಲ್ಲಿಸಿರುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ, ವೇಷವಿಲ್ಲ, ರಾಮನ ಅರ್ಥಧಾರಿ ಬೆವರೊರೆಸಿಕೊಳ್ಳುತ್ತಿರುತ್ತಾನೆ.

ಜನಪದರು ಇನ್ನೂ ಪೋಕರಿಗಳು. ತಂಬೂರಿ ದಾಸಯ್ಯಗಳು ಹಾಡುವ ರಾಮಾಯಣವೊಂದರಲ್ಲಿ ಮಕ್ಕಳಿಲ್ಲದ ರಾವಣನಿಗೆ ಶಿವ ಮಾವಿನ ಹಣ್ಣು ಕೊಡುತ್ತಾನೆ. ಹೇಗೆ ಹಂಚುತ್ತೀಯ ಅಂದಿದ್ದಕ್ಕೆ, ತಿರುಳು ಹೆಂಡತಿಗೆ, ವಾಟೆ ನನಗೆ ಅಂತಾನೆ ಮಹಾಶಯ. ಆಮೇಲೆ ತಿರುಳು ತಾನು ತಿಂದು ವಾಟೆ ಅವಳಿಗೆ ಕೊಡುತ್ತಾನೆ. ಸರಿ, ಬಸಿರಾಯಿತು, ರಾವಣನಿಗೆ! ದಿನಕ್ಕೊಂದು ತಿಂಗಳು ತುಂಬುತ್ತ, ಜನಕ್ಕೆ ಮುಖ ತೋರಿಸುವುದು ಹೇಗೆಂದು ಪೇಚಾಡುತ್ತ, ಕಡೆಗೊಂದು ಸೀನು ಸೀನಿದ. ಮೂಗಿನಿಂದ ಸೀತೆ ಹುಟ್ಟಿದಳು. ಇದನ್ನು ಕೇಳುತ್ತ ಕೂತ ಹೆಂಗಸರು ಪಕ್ಕದ ಗಂಡಸರ ಕಡೆ ಹೇಗೆ ನೋಡಿರಬೇಡ! ನಿಮಗೆ ಕಥೆ ಬೇಕೋ? ರಾವಣನ ಹೆಸರು ಬಿಡಿ, ಹತ್ತು ತಲೆ ಬಿಡಿ. ಒಂದು ಮನೆ, ಒಂದು ಬಾದಾಮಿ ಮಾವಿನ ಹಣ್ಣು, ಕೊಟ್ಟ ಮಾತು ಮುರಿದು ತಿರುಳು ತಿಂದ ಒಬ್ಬ ಗಂಡ. ಸಾಲದೇ?

‘ಇಲ್ಲ ಸಾರ್, ಇನ್ನೂ ನೋಟ್ಸ್ ಮಾಡ್ಕೊಳ್ತಿದ್ದೀನಿ’ ಅನ್ನುವ ಜಾತಿಯೊಂದಿದೆ. ಬೀರು ತುಂಬ ಪುರಾಣ, ಪೆನ್ ಡ್ರೈವ್ ತುಂಬ ಲಾವಣಿ, ಬರೆದದ್ದು ಸೊನ್ನೆ. ಅವರಿಗಾಗಿ ಎ. ಕೆ. ರಾಮಾನುಜನ್ ಸಂಗ್ರಹದ ಒಂದು ಕನ್ನಡದ ಕಥೆ. ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ಒಳಗೆ ಉಸಿರುಗಟ್ಟಿ, ಅವಳು ಮಲಗಿದ್ದಾಗ ಎರಡೂ ಬಾಯಿಂದ ಆಚೆ ಬಂದವು. ಕಥೆ ಜೋಡಾಗಿ ಬಾಗಿಲಲ್ಲಿ ಕೂತಿತು, ಹಾಡು ಕೋಟಾಗಿ ಗೂಟಕ್ಕೆ ನೇತುಬಿತ್ತು. ಮನೆಗೆ ಬಂದ ಗಂಡ ‘ಯಾವನು ಬಂದಿದ್ದ?’ ಅಂತ ರಂಪ ತೆಗೆದು, ಸಿಟ್ಟಿನಲ್ಲಿ ಹೋಗಿ ಹನುಮಪ್ಪನ ಗುಡಿಯಲ್ಲಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಅಲ್ಲಿ ಹರಟೆಗೆ ಸೇರುತ್ತಿದ್ದವು. ಅವನ ಮನೆಯ ದೀಪ ತಡವಾಗಿ ಬಂತು. ಗಂಡ ಹೆಂಡಿರ ಜಗಳ, ಅದು ಮುಗಿದು ದೀಪ ಆರಿಸಲು ಹೊತ್ತಾಯಿತು, ಎಂದು ಶುರುಮಾಡಿ ಜೋಡು, ಕೋಟಿನ ಗುಟ್ಟನ್ನೆಲ್ಲ ಒದರಿತು. ಕಾರ್ನಾಡರು 1988ರಲ್ಲಿ ‘ನಾಗಮಂಡಲ’ ಬರೆದಾಗ ಈ ಹರಟೆಮಲ್ಲಿ ದೀಪಗಳನ್ನು ರಂಗದ ಮೇಲೇ ತಂದು ಕೂರಿಸಿಬಿಟ್ಟರು.

ಸಂಶಯ ಕಳೆದ ಗಂಡ ಬೆಳಗಾಗೆದ್ದು ಮನೆಗೆ ಬಂದು, ‘ಎಲ್ಲಿ, ಆ ಕಥೆ ಹೇಳೇ, ಆ ಹಾಡು ಹಾಡೇ’ ಅಂದ. ಅವಳು ಅವನ ಮುಖ ನೋಡಿದಳು.

‘ಯಾವ ಕಥೆ? ಯಾವ ಹಾಡು?’