ರೇಟಿ ಆರಂಭದ ದೊಡ್ಡಗದ್ದವಳ್ಳಿ ಮೂಲ: ಒಂದು ನಿರ್ವಿವಾದ ಸಂಶೋಧನೆ

1924ರ ಮಾರ್ಚ್ 22ರಂದು ನ್ಯೂಯಾರ್ಕ್ ಚೆಸ್ ಟೂರ್ನಿಯಲ್ಲಿ ರಿಚರ್ಡ್ ರೇಟಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾನನ್ನು 31 ನಡೆಗಳಲ್ಲಿ ಮಣಿಸಿದ. ಎಂಟು ವರ್ಷ ಯಾರಿಗೂ ಸೋಲದವನು ಅಂದು ಸೋತದ್ದು ಹೇಗೆಂದು ಪಾಶ್ಚಾತ್ಯ ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ಅವರಲ್ಲೊಬ್ಬರೂ ಹಾಸನದಲ್ಲಿ ಬೇಲೂರು ಬಸ್ಸು ಹತ್ತಿ ದೊಡ್ಡಗದ್ದವಳ್ಳಿಯ ಕಡೆ ತಿರುಗಲಿಲ್ಲವಾಗಿ ಈ ಪ್ರಬಂಧದ ಅಗತ್ಯ ಬಿದ್ದಿದೆ.

ರೇಟಿಯ ತತ್ವ ಇಷ್ಟೆ: ಪದಾತಿಗಳನ್ನು ಮಧ್ಯಕ್ಕೆ ನುಗ್ಗಿಸಬೇಡ, ಅಂಚಿನಲ್ಲಿ ಕೂತು ದೂರದಿಂದಲೇ ಮಧ್ಯವನ್ನು ಆಳು. ಇನ್ನು 1114ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ ದೊಡ್ಡಗದ್ದವಳ್ಳಿಯಲ್ಲಿ ಎದ್ದ ಲಕ್ಷ್ಮೀದೇವಿ ಗುಡಿಯನ್ನು ನೋಡಿ. ನಾಲ್ಕು ಗರ್ಭಗುಡಿ, ನಾಲ್ಕೂ ಒಳಮುಖ, ನಡುವಿನ ಮಂಟಪ ಖಾಲಿ. ಪ್ರಾಕಾರದ ನಾಲ್ಕು ಮೂಲೆಗೂ ಒಂದೊಂದು ಪುಟ್ಟ ಗುಡಿ. ಮೂಲೆಯಲ್ಲಿ ನಿಲ್ಲುವುದು ಆನೆಯಲ್ಲದೆ ಮತ್ತೇನು?

ಆ ಆಟದಲ್ಲಿ ರೇಟಿ ಮೊದಲು ಎತ್ತಿಟ್ಟದ್ದು ಕುದುರೆಯನ್ನು, ಎಫ್3 ಮನೆಗೆ. ಗುಡಿ ಕಟ್ಟಿಸಿದವನೋ, ಕುಲ್ಲಹಣ ರಾಹುತ. ಆತ ವರ್ತಕ ಎನ್ನುತ್ತಾರೆ ಶಾಸನ ಓದಿದವರು. ಶಾಸನಗಳನ್ನು ಸಂಶೋಧಕರ ಅನುಕೂಲ ನೋಡಿ ಕೊರೆದಿರುವುದಿಲ್ಲ.

ಪೂರ್ವಪಕ್ಷ: 12ನೆಯ ಶತಮಾನದ ಚದುರಂಗದಲ್ಲಿ ರಾಣಿಯೇ ಇರಲಿಲ್ಲ. ಮಂತ್ರಿಯಿದ್ದ, ಓರೆಯಾಗಿ ಒಂದೇ ಮನೆ ಸರಿಯುತ್ತಿದ್ದ. ರಾಣಿಗೆ ಬಲ ಬಂದದ್ದು 15ನೆಯ ಶತಮಾನದ ಕೊನೆಗೆ, ಯುರೋಪಿನಲ್ಲಿ.

ಸಿದ್ಧಾಂತ: ಶಿವ, ವಿಷ್ಣು ಇಬ್ಬರಿಗೂ ಒಳಗೆ ಜಾಗ ಕೊಟ್ಟು ಗುಡಿಯನ್ನು ಲಕ್ಷ್ಮಿಯ ಹೆಸರಿನಲ್ಲೇ ಕರೆದರು. ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಯುರೋಪಿಗೆ ತಿಳಿಯಲು ಇನ್ನೂ ನಾನೂರು ವರ್ಷ ಹಿಡಿಯಿತು.

ಅದೇ ಗುಡಿಯ ಕಾಳಿ ಗರ್ಭಗುಡಿಯ ಬಾಗಿಲ ಇಕ್ಕೆಲದ ಬೇತಾಳಗಳನ್ನು ಕಲಾವಿಮರ್ಶಕರು ಭಯಾನಕ ರಸಕ್ಕೆ ಸೇರಿಸಿ ಕೈತೊಳೆದುಕೊಂಡಿದ್ದಾರೆ. ಟೂರ್ನಿಯಲ್ಲಿ ಕೂತವರಿಗೆ ಅವು ಯಾರೆಂದು ನೋಡಿದೊಡನೆ ಗೊತ್ತಾಗುತ್ತದೆ: ಎದುರಾಳಿ ನಡೆ ಇಡಲೆಂದು ಕಾದು ನಿಂತ ಪದಾತಿಗಳು. ಚೆಸ್ ಗಡಿಯಾರ ಟೂರ್ನಿಗೆ ಬಂದದ್ದು 1883ರಲ್ಲಿ, ಲಂಡನ್ನಿನಲ್ಲಿ. ಅದಕ್ಕೂ ಮೊದಲಿನ ಏಳೂವರೆ ಶತಮಾನ ಯೋಚಿಸುವವನನ್ನು ಕೇಳುವವರಿರಲಿಲ್ಲ. ಮೈಮೇಲೆ ಎಲುಬು ಬಿಟ್ಟು ಬೇರೇನು ಉಳಿದೀತು?

ರೇಟಿ ಹಾಸನ ಸೀಮೆಗೆ ಬಂದದ್ದಕ್ಕೆ ದಾಖಲೆ ಎಲ್ಲಿದೆ ಎಂದು ಕೆಲವರು ಕೇಳಬಹುದು. ಬಂದಿದ್ದರೆ ನೋಡಿ ಕದ್ದ ಎನ್ನಬೇಕಾಗಿತ್ತು, ಪಾಪ. ಬಾರದೆಯೇ ಆಡಿದ್ದರಿಂದ ಅದು ಪೂರ್ವಜನ್ಮದ ಸಂಸ್ಕಾರವೆಂದು ಸಿದ್ಧವಾಗುತ್ತದೆ. ಆ ಜನ್ಮದಲ್ಲಿ ಆತ ಗುಡಿಯ ಕಲ್ಲುಕುಟಿಗನೋ, ಅಲ್ಲಿ ಕೂತು ಹರಟುತ್ತಿದ್ದವನೋ ಎಂಬುದನ್ನು ಎರಡನೆಯ ಸಂಪುಟದಲ್ಲಿ, ಅನುದಾನ ದೊರೆತಲ್ಲಿ, ಪರಿಶೀಲಿಸಲಾಗುವುದು.