ಲಿಪಿಕಾರ ಚಪಡಪ್ಪನವರಿಗೆ, ಬಾಡಿಗೆ ಮನೆಯಿಂದ

ಮಾನ್ಯ ಲಿಪಿಕಾರ ಚಪಡ ಅವರಿಗೆ,
ಕೇರಾಫ್ ಬಂಡೆ, ಅಶೋಕ ಸಿದ್ಧಾಪುರ, ಮೊಳಕಾಲ್ಮುರು ತಾಲ್ಲೂಕು.

ಆರೋಗ್ಯವೇ? ವಿಷಯಕ್ಕೆ ಬರುವ ಮೊದಲು ಹೀಗೆ ಕೇಳುವುದನ್ನು ಕಲಿತದ್ದು ನಿಮ್ಮಿಂದಲೇ. ಅಶೋಕನ ಕಾಲದಲ್ಲಿ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಆದೇಶವನ್ನು ಇಸಿಲದ ಮಹಾಮಾತ್ರರಿಗೆ ಮುಟ್ಟಿಸುವಾಗ ನೀವು ಮೊದಲು ಅವರ ಆರೋಗ್ಯ ವಿಚಾರಿಸಿ, ಆಮೇಲೆ ಆದೇಶವನ್ನು ಬಂಡೆ ಮೇಲೆ ಕೆತ್ತಿಸಿದಿರಿ. ಎರಡು ಸಾವಿರದ ಇನ್ನೂರು ವರ್ಷ ದಾಟಿತು. ಹೋದ ವಾರ ನನ್ನ ಕೈಸೇರಿದ ನೋಟಿಸಿನಲ್ಲಿ ಆರೋಗ್ಯದ ಸುದ್ದಿಯೇ ಇಲ್ಲ. ‘ಹೆಚ್ಚುವರಿಯಾಗಿ ಪಾವತಿಯಾಗಿರುವ ಮನೆ ಬಾಡಿಗೆ ಭತ್ಯೆ ರೂ. 82,616ನ್ನು ಏಕೆ ವಸೂಲು ಮಾಡಬಾರದು ಎಂಬುದಕ್ಕೆ ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.’ ಕೆಳಗೊಂದು ಸಹಿ. ಸಹಿಯೋ, ತಿಪ್ಪೆ ಮೇಲೆ ಕೋಳಿ ಕೆದರಿದ್ದೋ, ತಿಳಿಯಲಿಲ್ಲ. ನೀವಾದರೋ ಸಿದ್ಧಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ, ಮೂರೂ ಕಡೆ ನಿಮ್ಮ ಹೆಸರು ಬರೆದಿಟ್ಟಿದ್ದೀರಿ. ಈ ತಾಲ್ಲೂಕಿನಲ್ಲಿ ಬರೆದ ಆದೇಶಕ್ಕೆ ತನ್ನ ಹೆಸರು ಹಾಕಿ ಹೊಣೆ ಹೊತ್ತ ಗುಮಾಸ್ತರೆಂದರೆ ನನಗೆ ಗೊತ್ತಿರುವಂತೆ ನೀವೊಬ್ಬರೇ, ಚಪಡಪ್ಪನವರೇ. (ನಮ್ಮ ಕಡೆ ಹುಟ್ಟಿದ್ದರೆ ನಿಮ್ಮನ್ನು ಹೀಗೇ ಕರೆಯುತ್ತಿದ್ದರು.) ಆದ್ದರಿಂದ ಈ ಅರ್ಜಿ ನಿಮಗೆ. ಮೇಲಾಗಿ, ನೀವು ಮೀಟಿಂಗಿಗೆ ಹೋಗುವುದಿಲ್ಲ.

ಇವತ್ತು ಒಂದು ಸಿಎಲ್ ಹಾಕಿ ಆ ನೋಟಿಸು ಕಳಿಸಿದ ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಎಂದು ಹೇಳಲಾರೆ, ಸೋಮವಾರ ಮತ್ತೆ ಅದರ ಮೆಟ್ಟಿಲು ಹತ್ತಬೇಕು. ಹತ್ತೂವರೆಗೆ ಹೋದರೆ ಕೇಸ್ ವರ್ಕರ್ ಮೀಟಿಂಗಿನಲ್ಲಿದ್ದರು. ಒಂದೂವರೆಗೆ ಊಟ. ಮೂರಕ್ಕೆ ಬಂದು ಕಂಪ್ಯೂಟರ್ ಹಚ್ಚಿದರು, ಸರ್ವರ್ ಇರಲಿಲ್ಲ. ನಾಲ್ಕೂವರೆಗೆ ‘ಸೋಮವಾರ ಬನ್ನಿ ಸಾರ್’ ಎಂದರು. ಬಸ್ಸಿನಲ್ಲಿ ನಿಂತುಕೊಂಡೇ ಚಳ್ಳಕೆರೆಗೆ ವಾಪಸ್ಸು ಬಂದಿದ್ದೇನೆ. ಕಾಲು ಇನ್ನೂ ನೋಯುತ್ತಿದೆ.

ನಿಮ್ಮ ಕಾಲದಲ್ಲಿ ಎಚ್‌ಆರ್‌ಎ, ಅಂದರೆ ಈ ಮನೆ ಬಾಡಿಗೆ ಭತ್ಯೆ, ಇತ್ತೋ ಇಲ್ಲವೋ, ಆದ್ದರಿಂದ ಸ್ವಲ್ಪ ವಿವರಿಸಿ ಹೇಳುತ್ತೇನೆ. ಬಾಡಿಗೆ ಮನೆಯಲ್ಲಿರುವ ನೌಕರನಿಗೆ ಸರ್ಕಾರ ಮೂಲ ವೇತನದ ಮೇಲೆ ಇಷ್ಟು ಶೇಕಡಾ ಎಂದು ಕೊಡುತ್ತದೆ. ಅವನು ಎಷ್ಟು ಬಾಡಿಗೆ ಕಟ್ಟುತ್ತಾನೆ ಎಂದು ನೋಡುವುದಿಲ್ಲ, ಅವನ ಊರಿನ ತಲೆ ಎಣಿಸುತ್ತದೆ. ಇಪ್ಪತ್ತೈದು ಲಕ್ಷ ತಲೆ ದಾಟಿದ ಊರಿಗೆ 24, ಐದು ಲಕ್ಷ ದಾಟಿದರೆ 16, ಉಳಿದ ಎಲ್ಲಕ್ಕೂ 8 ಇತ್ತು. ಚಳ್ಳಕೆರೆ, ಮೊಳಕಾಲ್ಮುರು, ನಾಯಕನಹಟ್ಟಿ ಎಲ್ಲ ಈ ‘ಉಳಿದ’ ರಾಶಿಯಲ್ಲಿವೆ. ಏಳನೇ ವೇತನ ಆಯೋಗ ಬಂತು, 2024ರ ಆಗಸ್ಟಿನಿಂದ ಸಂಬಳ ಏರಿತು, ಶೇಕಡಾ ಮಾತ್ರ 20, 15, 7.5 ಆಯಿತು. ನನ್ನ ಮನೆ ಮಾಲೀಕರಿಗೆ ಇದನ್ನು ವಿವರಿಸಿ, ನೀವೂ ಅರ್ಧ ಶೇಕಡಾ ಇಳಿಸಿ ಎಂದೆ. ಅವರು ಎಣ್ಣೆ ಮಿಲ್ಲಿನ ಲೆಕ್ಕ ನೋಡಿದವರು. ನಕ್ಕು, ಮುಂದಿನ ತಿಂಗಳಿಂದ ಐನೂರು ಏರಿಸಿದರು.

ನಾನು ಮೊಳಕಾಲ್ಮುರು ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಮೇಷ್ಟ್ರು. ನಮ್ಮ ಮನೆಯವರು ನರ್ಸು. 2019ರಲ್ಲಿ ಅವರಿಗೆ ಆಸ್ಪತ್ರೆಯ ಹಿಂದಿದ್ದ ಕ್ವಾರ್ಟರ್ಸ್ ಹಂಚಿದರು. ನಮ್ಮ ಸೀಮೆಯಲ್ಲಿ ಮಳೆ ಬರುವುದೇ ಅಪರೂಪ. ಬಂದರೆ ಮೊದಲ ಹನಿ ಹೊಲಕ್ಕೆ ಬೀಳುವುದಿಲ್ಲ, ಆ ಕ್ವಾರ್ಟರ್ಸಿನ ಅಡುಗೆ ಮನೆಗೆ ಬೀಳುತ್ತದೆ. ಕಿಟಕಿಗೆ ಚೌಕಟ್ಟಿತ್ತು, ಬಾಗಿಲಿರಲಿಲ್ಲ. ಬಚ್ಚಲಿಗೆ ಬಾಗಿಲಿತ್ತು, ಗೋಡೆ ಒಂದು ಕಡೆ ಇರಲಿಲ್ಲ. ಹಂಚಿಕೆ ಆಯಿತೆಂದು ಅವರ ಎಚ್‌ಆರ್‌ಎ ಅದೇ ತಿಂಗಳು ನಿಂತಿತು. ಕೊಡುವುದನ್ನು ನಿಲ್ಲಿಸುವಾಗ ಸರ್ವರ್ ಯಾವತ್ತೂ ಕೈಕೊಟ್ಟದ್ದಿಲ್ಲ. ನಾವು ಚಳ್ಳಕೆರೆಯಲ್ಲಿ 5,500 ರೂಪಾಯಿಯ ಬಾಡಿಗೆ ಮನೆಯಲ್ಲೇ ಉಳಿದೆವು. ನನಗೆ ಬರುತ್ತಿದ್ದ ಎಚ್‌ಆರ್‌ಎ ಮೊದಲಿಗೆ 2,608. ಅಂದರೆ ಸರ್ಕಾರದ ಲೆಕ್ಕದಲ್ಲಿ ನಮಗೆ ಹಜಾರ ಮತ್ತು ಅರ್ಧ ಅಡುಗೆ ಮನೆ.

ಈಗ ಆಡಿಟ್ ಹೇಳುತ್ತದೆ: ಹೆಂಡತಿಗೆ ಸರ್ಕಾರಿ ವಸತಿ ಇದ್ದಾಗ ಗಂಡನಿಗೆ ಭತ್ಯೆ ಇಲ್ಲ. ಜುಲೈ 2019ರಿಂದ ಜನವರಿ 2022ರವರೆಗೆ, ಅವರಿಗೆ ವರ್ಗವಾಗುವ ತನಕ, 31 ತಿಂಗಳು ನಾನು ತಿಂದದ್ದು ಹೆಚ್ಚುವರಿ. ಹತ್ತು ಕಂತು, ಕಂತಿಗೆ 8,261 ರೂಪಾಯಿ 60 ಪೈಸೆ. ಪೈಸೆಯನ್ನೂ ಬಿಟ್ಟಿಲ್ಲ ನೋಡಿ. ಈ ಲೆಕ್ಕ ಹಾಕಿದ ಕೇಸ್ ವರ್ಕರ್ ಏಳನೇ ಕ್ಲಾಸಿನಲ್ಲಿ ನನ್ನ ಹತ್ತಿರವೇ ಶೇಕಡಾ ಕಲಿತವರು. ವರ್ಷ ವರ್ಷದ ಇನ್‌ಕ್ರಿಮೆಂಟನ್ನೂ ಸೇರಿಸಿ ಕೂಡಿ ಗುಣಿಸಿ ನೋಡಿದೆ, ತಪ್ಪಿಲ್ಲ. ಹೊಟ್ಟೆ ಉರಿಯುತ್ತಿದ್ದರೂ ಒಳಗೆಲ್ಲೋ ಹೆಮ್ಮೆಯೂ ಆಯಿತು. ಶಿಷ್ಯರು ಆಚಾರ್ಯರನ್ನು ಗೌರವಿಸಬೇಕೆಂದು ನೀವು ಬಂಡೆ ಮೇಲೆ ಬರೆದಿದ್ದೀರಿ. ಅವರು ಗೌರವಿಸಿದ್ದಾರೆ, ನೋಟಿಸಿನಲ್ಲಿ ನನ್ನನ್ನು ‘ಶ್ರೀಯುತರು’ ಎಂದಿದ್ದಾರೆ.

ಒಂದು ನಿಜ ಒಪ್ಪಿಕೊಂಡುಬಿಡುತ್ತೇನೆ. ಒಂದು ಸುಗ್ಗಿಯಲ್ಲಿ ಆ ಕ್ವಾರ್ಟರ್ಸಿನಲ್ಲಿ ಮಾವನ ಹೊಲದ ಆರು ಮೂಟೆ ಶೇಂಗಾ ಇಟ್ಟಿದ್ದೆವು. ನಾಲ್ಕು ಮೂಟೆ ಹೆಗ್ಗಣ ತಿಂದವು. ವಸತಿ ಅನುಭವಿಸಿದವರು ಯಾರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ವಸೂಲಾತಿ ನೋಟಿಸು ಅವಕ್ಕೂ ಹೋಗಲಿ.

‘ಮೇಷ್ಟ್ರಿಗೆ ಏನು ಕಮ್ಮಿಯಪ್ಪಾ’ ಎನ್ನುವವರಿದ್ದಾರೆ. ಸರಿ. ಪಕ್ಕದ ಮನೆಯಲ್ಲಿ ಶೇಂಗಾ ಮಿಲ್ಲಿಗೆ ಕೂಲಿ ಹೋಗುವ ಅಕ್ಕ ಅಷ್ಟೇ ಬಾಡಿಗೆ ಕಟ್ಟುತ್ತಾಳೆ, ಅವಳಿಗೆ ಏಳೂವರೆಯೂ ಇಲ್ಲ, ಎಂಟೂ ಇಲ್ಲ. ಅವಳೆದುರು ಈ ಗೋಳು ಹೇಳಲು ನನಗೂ ನಾಚಿಕೆ.

ಆದರೆ ಕೋಪ ದುಡ್ಡಿನದಲ್ಲ ಚಪಡಪ್ಪನವರೇ. ಕ್ವಾರ್ಟರ್ಸ್ ಹಂಚಿದ ತಿಂಗಳೇ ನಾನು ಬರೆದುಕೊಟ್ಟಿದ್ದೆ: ಹೀಗೆ ಹಂಚಿಕೆಯಾಗಿದೆ, ಅಲ್ಲಿ ವಾಸ ಸಾಧ್ಯವಿಲ್ಲ, ನನ್ನ ಭತ್ಯೆ ಏನು ಮಾಡಬೇಕೋ ಮಾಡಿ. ಟಪಾಲಿನ ಸೀಲು ನನ್ನ ಪ್ರತಿಯ ಮೇಲಿದೆ. ಅವರ ಪ್ರತಿ ಸಿಗುತ್ತಿಲ್ಲ. ನಿಮ್ಮ ಬಂಡೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಬಿಸಿಲಲ್ಲಿ ಬಿದ್ದಿತ್ತು, 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಬಂದಾಗ ಓದಲು ಸಿಕ್ಕಿತು. ನನ್ನ ಅರ್ಜಿ ಕಬ್ಬಿಣದ ಬೀರುವಿನೊಳಗೆ ನೆರಳಲ್ಲಿತ್ತು, ಆರು ವರ್ಷಕ್ಕೆ ಮಾಯವಾಯಿತು. ಹೇಳಿದವನು ನಾನು. ಕೇಳದೆ ತಿಂಗಳು ತಿಂಗಳು ಬಿಲ್ ಮಾಡಿದವರು ಅವರು. ತಪ್ಪು ಹಿಡಿದವರು ಆಡಿಟಿನವರು. ಕಟ್ಟಬೇಕಾದವನು ಮತ್ತೆ ನಾನು! ಇದು ಯಾವ ಧರ್ಮ?

ಸುಪ್ರೀಂ ಕೋರ್ಟು ರಫೀಕ್ ಮಸೀಹ್ ಪ್ರಕರಣದಲ್ಲಿ, 2014ರ ಡಿಸೆಂಬರಿನಲ್ಲಿ, ಇಲಾಖೆಯ ತಪ್ಪಿನಿಂದ ಹೆಚ್ಚು ಪಾವತಿಯಾದರೆ ಸಿ ಮತ್ತು ಡಿ ದರ್ಜೆಯ ನೌಕರರಿಂದ ವಸೂಲು ಮಾಡಬಾರದು, ನಿವೃತ್ತರಾದವರಿಂದಲೂ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದಲೂ ಮಾಡಬಾರದು ಎಂದಿದೆ. ನಾನು ಸಿ ದರ್ಜೆ. ಅದರ ಪ್ರತಿ ಹಿಡಿದುಕೊಂಡೇ ಹೋಗಿದ್ದೆ. ನನ್ನ ಶಿಷ್ಯರು ಅದನ್ನು ತಿರುವಿಯೂ ನೋಡದೆ ನನ್ನ ಸರ್ವಿಸ್ ಬುಕ್ಕಿನಿಂದ ಒಂದು ಹಾಳೆ ತೆಗೆದು ತೋರಿಸಿದರು. 2018ರಲ್ಲಿ ವೇತನ ಪರಿಷ್ಕರಣೆಯಾದಾಗ ಎಲ್ಲರ ಕೈಯಲ್ಲೂ ಬರೆಸಿಕೊಂಡ ಮುಚ್ಚಳಿಕೆ: ಹೆಚ್ಚುವರಿ ಪಾವತಿಯಾದರೆ ಹಿಂದಿರುಗಿಸುತ್ತೇನೆ. ಸಹಿ ನನ್ನದೇ. ಮುಚ್ಚಳಿಕೆ ಕೊಟ್ಟವರಿಂದ ವಸೂಲು ಮಾಡಬಹುದೆಂದು 2016ರಲ್ಲಿ ಅದೇ ಕೋರ್ಟು ಜಗದೇವ್ ಸಿಂಗ್ ಪ್ರಕರಣದಲ್ಲಿ ಹೇಳಿದೆಯಂತೆ. ಅವರು ಓದಿಕೊಂಡಿದ್ದಾರೆ, ನಾನು ಓದಿರಲಿಲ್ಲ. ನನ್ನ ಅರ್ಜಿ ಕಳೆದುಹೋದ ಅದೇ ಬೀರುವಿನಲ್ಲಿ ನನ್ನ ಮುಚ್ಚಳಿಕೆ ಒಂದು ಮಡಿಕೆಯೂ ಬೀಳದೆ ಹೇಗೆ ಉಳಿಯಿತು? ಬಂಡೆಯ ಮೇಲೆ ಕೆತ್ತಿಸಿದ್ದರೇನು?

ಇನ್ನೊಂದು ಅನುಮಾನ. ನಿಮ್ಮ ಶಾಸನದಲ್ಲಿ 256 ಎಂಬ ಅಂಕಿ ಇದೆ. ಪ್ರವಾಸದಲ್ಲಿ ಕಳೆದ ರಾತ್ರಿಗಳು ಎಂದು ವಿದ್ವಾಂಸರು ಹೇಳುತ್ತಾರೆ. ಅಷ್ಟೂ ರಾತ್ರಿಯ ಪ್ರವಾಸ ಭತ್ಯೆ ಪಾಸಾಯಿತೇ? ಆಡಿಟಿನವರು ಏನೂ ಕೊಕ್ಕೆ ಹಾಕಲಿಲ್ಲವೇ? ಹಾಕಿರಲಾರರು, ನೀವೂ ಜಾಣರೇ. ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು ‘ಲಿಪಿಕಾರ’ ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಈ ಸೀಮೆಯಲ್ಲಿ ಯಾರೂ ಓದಲಾಗದ ಹಾಗೆ ಬರೆದಿದ್ದೀರಿ. ಎಷ್ಟಾದರೂ ಗುಮಾಸ್ತರು.

ಸೋಮವಾರಕ್ಕೆ ಮುಚ್ಚಳಿಕೆಯ ಮೂರು ಜೆರಾಕ್ಸ್ ತರಬೇಕಂತೆ. ಮೂಲ ಪ್ರತಿ ಅವರ ಬಳಿಯೇ ಇದೆಯಲ್ಲ ಎಂದೆ. ‘ಕೊಡೋಕೆ ಬರಲ್ಲ ಸಾರ್, ನೀವೇ ಎಲ್ಲಿಂದಾದರೂ ಹೊಂದಿಸಿ’ ಎಂದರು.

ಇಂತಿ,
ಚಳ್ಳಕೆರೆಯ ಒಬ್ಬ ‘ಉಳಿದ’ ನೌಕರ